ಸೈಕಲ್ಲಿಗೆ ತಕ್ಕ ಜೋಡು

ಸೈಕಲ್ ತುಳಿಯಲು ಎಂಥ ಚಪ್ಪಲಿ ಒಳ್ಳೆಯದು ಎಂದು ಈಗಿನವರು ಅಂಗಡಿಯಲ್ಲಿ ನಿಂತು ವಿಚಾರಿಸುತ್ತಾರೆ. ಹಿಂದೆ ಬೆಲ್ಟ್ ಬೇಕೋ ಬೇಡವೋ, ಅಟ್ಟೆ ಮೆತ್ತಗಿರಬೇಕೋ ಗಟ್ಟಿಯಿರಬೇಕೋ, ಮಳೆಗಾಲಕ್ಕೆ ತೂತು ತೂತಿನ ಕ್ರಾಕ್ಸ್ ನಡೆದೀತೋ ಇಲ್ಲವೋ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಈ ಪ್ರಶ್ನೆಗಳಿಗೆ ಮೊದಲು ತಲೆಕೆಡಿಸಿಕೊಂಡವರು ಸಂತೆಯ ಬಾಯಿಗೆ ಗೋಣಿತಟ್ಟು ಹಾಸಿ ಕೂತ ಸಮಗಾರರು. ನಾನು ಆ ಮನೆತನದವ. ಅಪ್ಪ ಈ ನಾಲ್ಕೂ ಊರಿನ ಸಂತೆ ಹಿಡಿದವರು. ನಾನು ಓದಿ ಮಾಸ್ತರಿಕೆಗೆ ಸೇರಿದೆನಾದರೂ ಹೈಸ್ಕೂಲು ಮುಗಿಯುವ ತನಕ ಕೈಯಲ್ಲಿ ತೊಗಲು ಕೊಯ್ಯುವ ರಂಪಿಗೆ ಇತ್ತು. ಹಾಗಾಗಿ ಈ ಚರಿತ್ರೆಯನ್ನು ಅಟ್ಟೆಯ ಕಡೆಯಿಂದ ಹೇಳುತ್ತೇನೆ.

ಜೋಡಿನ ಮಾತಿಗೆ ಮೊದಲು ನೆಲದ ಮಾತು. ಈ ನಾಲ್ಕೂ ತಾಲೂಕುಗಳು 1997ರಲ್ಲಿ ಹಾವೇರಿ ಜಿಲ್ಲೆ ಆಗುವ ತನಕ ಧಾರವಾಡ ಜಿಲ್ಲೆಯವು. ಅದಕ್ಕೂ ಹಿಂದೆ, ಬ್ರಿಟಿಷರ ಕಾಲದಲ್ಲಿ, ಶಿಗ್ಗಾಂವಿಯಲ್ಲಿ ಇದ್ದದ್ದು ಬಂಕಾಪುರ ತಾಲೂಕಿನ ಕಚೇರಿ. ಹಿರೇಕೆರೂರಿನಲ್ಲಿ ಇದ್ದದ್ದು ಕೋಡ ತಾಲೂಕಿನ ಕಚೇರಿ. ಸವಣೂರು 1948ರ ತನಕ ನವಾಬರ ಸಂಸ್ಥಾನ. ಶಿಗ್ಗಾಂವಿಯಿಂದ ಸವಣೂರಿಗೆ ಸೈಕಲ್ ತುಳಿದವ ಒಂದು ಸರಕಾರದ ಸೀಮೆಯಿಂದ ಇನ್ನೊಂದಕ್ಕೆ ದಾಟುತ್ತಿದ್ದ. ಆದರೆ ಕಾಲಿಗೆ ಸರಕಾರಕ್ಕಿಂತ ಮಣ್ಣೇ ಮುಖ್ಯ. ಹಾನಗಲ್ಲಿನ ಪಡುವಣ ಭಾಗ ಅರೆಮಲೆನಾಡು. ಭತ್ತದ ಗದ್ದೆ, ಬಿಡದ ಮಳೆ. ಸವಣೂರಿನ ಮೂಡಲಿಗೆ ಹೋದರೆ ಎರೆಹೊಲ. ಹದ ಮಳೆ ಬಿತ್ತೆಂದರೆ ಕಾಲಿಗೆ ಅಂಟಿದ ಮಣ್ಣು ಹೆಜ್ಜೆಗೊಂದು ಪದರು ಏರುತ್ತದೆ. ಹಿರೇಕೆರೂರಿನ ಕಡೆ ಮಸಾರಿ, ಅದರೊಳಗೆ ಚೂಪು ಹರಳು. ಒಂದು ಊರಿಗೆ ಒಗ್ಗಿದ ಜೋಡು ಮತ್ತೊಂದು ಊರಿಗೆ ಒಗ್ಗುತ್ತಿರಲಿಲ್ಲ. ಅಪ್ಪ ಸವಣೂರು ಸಂತೆಗೆ ಒಯ್ಯುವ ಗಂಟೇ ಬೇರೆ, ಹಾನಗಲ್ಲಿಗೆ ಒಯ್ಯುವ ಗಂಟೇ ಬೇರೆ.

ಸೈಕಲ್ ಬರುವ ಮುಂಚೆ ಈ ಕಸುಬು ಆಯದ ಮೇಲೆ ನಿಂತಿತ್ತು. ರೈತನ ಮನೆಯ ಮಿಣಿ, ಬಾರುಕೋಲು, ನೊಗದ ಜತಗಿ, ಬಾವಿಯ ನೀರೆತ್ತುವ ತೊಗಲಿನ ಚೀಲ, ಮನೆಮಂದಿಯ ಕಾಲ್ಮರಿ, ಇವೆಲ್ಲ ವರ್ಷದುದ್ದಕ್ಕೂ ನಮ್ಮವರು ಮಾಡಿಕೊಡಬೇಕು; ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಜೋಳವನ್ನೋ ಭತ್ತವನ್ನೋ ಅಳೆಸಿಕೊಂಡು ಬರಬೇಕು. ತೊಗಲು ಹದ ಮಾಡುವವರು ಡೋರರು, ಹೊಲಿಯುವವರು ನಾವು. ಹಸಿ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ ಕೂದಲು ಕೆರೆದು, ಆಮೇಲೆ ತಂಗಡಿ ತೊಗಟೆ, ಜಾಲಿ ತೊಗಟೆ, ಅಳಲೆಕಾಯಿ ಕುಟ್ಟಿದ ರಸ ಕುಡಿಸುತ್ತಿದ್ದರು. ತೊಗಲನ್ನೇ ಚೀಲದ ಹಾಗೆ ಹೊಲಿದು, ಒಳಗೆ ತೊಗಟೆ ಮತ್ತು ನೀರು ತುಂಬಿ ತೂಗುಹಾಕಿದರೆ ರಸ ಜಿನುಗುತ್ತ ಜಿನುಗುತ್ತ ವಾರಗಟ್ಟಲೆಯಲ್ಲಿ ಹದಕ್ಕೆ ಬರುತ್ತಿತ್ತು. ಅಟ್ಟೆಗೆ ಎಮ್ಮೆಯ ತೊಗಲು, ಪಟ್ಟಿಗೆ ಆಡಿನದು. ಹೊಸ ಜೋಡನ್ನು ರಾತ್ರಿಯಿಡೀ ಔಡಲೆಣ್ಣೆ ಕುಡಿಸಿಟ್ಟರೆ ಬೆಳಗಿಗೆ ಕಾಲು ಕಚ್ಚುವುದು ಕಡಿಮೆಯಾಗುತ್ತಿತ್ತು. ಹರೆಯದವರಿಗೆ ನಡೆದಾಗ ಸದ್ದು ಮಾಡುವ ಜೀರಕಿ ಜೋಡೇ ಆಗಬೇಕು. ನವಾಬರ ದರ್ಬಾರಿಗೆ ಹೋಗಿಬರುವವರು ಹಿಮ್ಮಡ ಮುಚ್ಚುವ ಚಡಾವು ಕೇಳುತ್ತಿದ್ದರೆಂದು ಅಪ್ಪ ಹೇಳುತ್ತಿದ್ದರು. ಮಠದ ಸ್ವಾಮಿಗಳ ಕಾಲಲ್ಲಿ ಕಟ್ಟಿಗೆಯ ಹಾವುಗೆ. ಅದು ಬಡಗಿಯ ಕೆಲಸ, ನಮಗೆ ಸಂಬಂಧವಿಲ್ಲ.

ಇಷ್ಟೆಲ್ಲ ಮಾಡಿಕೊಡುವ ಕೈಯವರಿಗೆ ತಾವೇ ಮೆಟ್ಟುವ ಹಕ್ಕು ಇರಲಿಲ್ಲ. ಊರೊಳಗೆ ಬರುವಾಗ ಜೋಡನ್ನು ಕಾಲಿಂದ ತೆಗೆದು ಕಂಕುಳಲ್ಲಿ ಹಿಡಿಯಬೇಕು. ಕಲ್ಯಾಣದ ಸಮಗಾರ ಹರಳಯ್ಯನ ಕಥೆಯನ್ನು ನಮ್ಮ ಓಣಿಯಲ್ಲಿ ಹೇಳದ ಮನೆಯಿಲ್ಲ. ಹರಳಯ್ಯ ಶರಣು ಎಂದದ್ದಕ್ಕೆ ಬಸವಣ್ಣನವರು ಶರಣು ಶರಣಾರ್ಥಿ ಎಂದರಂತೆ. ಆ ಹೆಚ್ಚಿನ ಒಂದು ಶರಣಿನ ಋಣ ತೀರಿಸಲು ಗಂಡಹೆಂಡತಿ ತಮ್ಮ ತೊಡೆಯ ತೊಗಲಿನಿಂದಲೇ ಪಾದರಕ್ಷೆ ಮಾಡಿದರಂತೆ. ಕಥೆ ಹೇಳುವ ಹಿರಿಯರ ಕಾಲು ಬರಿಗಾಲು. ಚಿಕ್ಕಂದಿನಲ್ಲಿ ನನಗೆ ಕಥೆಗಿಂತ ಆ ಕಾಲುಗಳೇ ಹೆಚ್ಚು ಕಾಣುತ್ತಿದ್ದವು.

ನಾವು ಇವತ್ತು ಸೈಕಲ್ ಎನ್ನುವ, ಎರಡು ಸಮ ಗಾಲಿಯ, ಹಿಂದಿನ ಗಾಲಿಗೆ ಚೈನು ಹಾಕಿದ ಗಾಡಿ 1885ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಸ್ಟಾರ್ಲಿ ಮಾಡಿದ ರೋವರ್‌ನಿಂದ ರೂಢಿಗೆ ಬಂತು. ಮೂರು ವರ್ಷಕ್ಕೆ ಡನ್ಲಪ್ ಗಾಳಿ ತುಂಬುವ ಟಾಯರು ಮಾಡಿದ. ರ‍್ಯಾಲಿ, ಹರ್ಕ್ಯುಲಿಸ್, ಬಿಎಸ್‌ಎ ಗಾಡಿಗಳು ಹಡಗಿನಲ್ಲಿ ಮುಂಬಯಿಗೆ ಬಂದು ಅಲ್ಲಿಂದ ನಮ್ಮ ಕಡೆಯ ಸಾಹುಕಾರರಿಗೂ ಸಾಹೇಬರಿಗೂ ದಕ್ಕಿದವು. ಬಡವರ ಕೈಗೆ ಎಟುಕಿದ್ದು ಸ್ವಾತಂತ್ರ್ಯದ ನಂತರ. 1949ರಲ್ಲಿ ಮದ್ರಾಸಿನ ಟಿಐ ಸೈಕಲ್ ಕಂಪನಿ ಹುಟ್ಟಿತು, 1951ರಲ್ಲಿ ಸೋನಿಪತ್ತಿನ ಅಟ್ಲಾಸ್, 1956ರಲ್ಲಿ ಲೂಧಿಯಾನದ ಹೀರೋ. ಹಾನಗಲ್ಲಿಗೂ ಹಿರೇಕೆರೂರಿಗೂ ಇಂದಿಗೂ ರೈಲಿಲ್ಲ. ಬಸ್ಸೂ ವಿರಳವಾಗಿದ್ದ ಆ ದಿನಗಳಲ್ಲಿ ಸಾಲಿ ಮಾಸ್ತರ, ಟಪಾಲಿನವ, ತಲಾಠಿ, ಹಾಲಿನವ, ಸವಣೂರಿನ ಎಲೆತೋಟದಿಂದ ವೀಳ್ಯದೆಲೆಯ ಪೆಂಡಿ ಕ್ಯಾರಿಯರಿಗೆ ಕಟ್ಟಿಕೊಂಡು ಹೊರಡುವವ, ಎಲ್ಲರೂ ಸೈಕಲ್ಲೇ ನಂಬಿದರು. ಸ್ವಂತದ್ದು ಇಲ್ಲದವರಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ತಾಸಿನ ಲೆಕ್ಕದ ಬಾಡಿಗೆ ಸೈಕಲ್.

ಹೀಗೆ ಬಂದ ಸೈಕಲ್ಲಿನ ಮೇಲೆ ನಮ್ಮ ಜೋಡು ಸೋತಿತು. ಪೆಡಲಿಗೆ ಎರಡು ರಬ್ಬರಿನ ತುಂಡು ಇರುತ್ತಿದ್ದವು; ವರ್ಷ ತುಂಬುವುದರೊಳಗೆ ಅವು ಸವೆದು ಬಿದ್ದು ಕಬ್ಬಿಣದ ಸರಳಷ್ಟೇ ಉಳಿಯುತ್ತಿತ್ತು. ಹೊಸದು ಹಾಕಿಸುವವರು ಕಡಿಮೆ. ಬರೀ ಸರಳಿನ ಮೇಲೆ ಎಣ್ಣೆ ಕುಡಿದ ಎಮ್ಮೆ ತೊಗಲು ನಿಲ್ಲುತ್ತದೆಯೇ? ಮಳೆಯಲ್ಲಿ ಜಾರಿ ಮೊಣಕಾಲಿನ ಚಿಪ್ಪು ಹ್ಯಾಂಡಲಿಗೆ ಬಡಿಯುತ್ತಿತ್ತು. ನೆಟ್ಟಗಿನ ರಸ್ತೆಯಲ್ಲೂ ಇನ್ನೊಂದು ತಾಪತ್ರಯ: ಹಿಂದೆ ಹಿಡಿತವಿಲ್ಲದ ಜೋಡು, ಕಾಲು ಮೇಲೇಳುವಾಗ ಹಿಮ್ಮಡ ಬಿಟ್ಟು ಜೋತುಬೀಳುತ್ತದೆ. ಅದನ್ನು ಬೀಳಗೊಡದಂತೆ ಸವಾರ ಹೆಬ್ಬೆರಳನ್ನು ಉಂಗುಟದಲ್ಲಿ ಬಿಗಿಹಿಡಿದಿರಬೇಕು. ಒಂದು ಹರದಾರಿ ಹೋಗುವುದರೊಳಗೆ ಬೆರಳು ಸೆಟೆದುಕೊಂಡು ಮೀನಖಂಡ ಹಿಡಿಯುತ್ತಿತ್ತು.

ಹಾನಗಲ್ಲಿನ ಕಡೆಯ ಒಬ್ಬ ಸಾಲಿ ಮಾಸ್ತರರು ಈ ದೂರನ್ನು ಹೊತ್ತುಕೊಂಡು ಅಪ್ಪನ ಹತ್ತಿರ ಬಂದಿದ್ದರು. ಹೊಸ ಜೋಡು ಮೂರು ತಿಂಗಳಿಗೇ ನಡುವೆ ಸೀಳಿತ್ತು. ಅಪ್ಪ ಅದನ್ನು ಮಗುಚಿ ನೋಡಿದರು. ಹಿಮ್ಮಡದ ಕಡೆ ಉಳಿಯ ಗುರುತೂ ಅಳಿಸಿಲ್ಲ. ಬೆರಳಿನ ಬುಡದ ಕೆಳಗೆ ಮಾತ್ರ ಅಡ್ಡಕ್ಕೆ ಎರಡು ಗೆರೆ ಆಳವಾಗಿ ಬಿದ್ದಿವೆ. ಪೆಡಲಿನ ಎರಡು ಸರಳಿನ ಗುರುತು. ಅಪ್ಪ ಅಂದದ್ದು ಇಷ್ಟು: "ಮಾಸ್ತರ್ರ, ಇದನ್ನ ನಾ ನಡಿಯೋ ಕಾಲಿಗೆ ಮಾಡಿದ್ದೆ. ನೀವು ತುಳಿಯೋ ಕಾಲಿಗೆ ಹಾಕ್ಕೊಂಡೀರಿ." ನಡೆಯುವವನ ಭಾರ ಮೊದಲು ಹಿಮ್ಮಡದ ಮೇಲೆ ಬೀಳುತ್ತದೆ, ಅದಕ್ಕೇ ನಮ್ಮವರು ಹಿಮ್ಮಡಕ್ಕೆ ಪದರಿನ ಮೇಲೆ ಪದರು ಇಡುತ್ತಿದ್ದರು. ತುಳಿಯುವವನ ಹಿಮ್ಮಡ ಗಾಳಿಯಲ್ಲಿರುತ್ತದೆ. ಭಾರವೆಲ್ಲ ಬೆರಳಿನ ಬುಡದಲ್ಲಿ. ಅಲ್ಲಿ ಅಟ್ಟೆ ತೆಳುವಾದರೆ ಪೆಡಲು ಪಾದಕ್ಕೇ ಒತ್ತುತ್ತದೆ.

ಆಮೇಲೆ ಅಪ್ಪ ಸೈಕಲ್ಲಿನವರಿಗೆಂದು ಕಟ್ಟಿದ ಜೋಡಿಗೆ ಮೂರು ಬದಲಾವಣೆ. ಹಿಮ್ಮಡದ ಒಂದು ಪದರನ್ನು ತೆಗೆದು ಮುಂಪಾದದ ಕೆಳಗೆ ಹಾಕಿದರು. ಎರಡೂ ಕಿವಿಯಿಂದ ಹಿಂದಕ್ಕೆ ಒಂದು ಬಾರು ಹಾಯಿಸಿ ಹೊರಮಗ್ಗುಲಲ್ಲಿ ಕೊಂಡಿ ಹಾಕಿದರು. ಕೊಂಡಿ ಒಳಮಗ್ಗುಲಿಗೆ ಬಂದರೆ ಪೆಡಲಿನ ದಂಡಕ್ಕೆ ತಾಗಿ ಕಿತ್ತುಹೋಗುತ್ತದೆ, ಬಲಗಾಲಿನ ಬಾರಿನ ತುದಿ ಉದ್ದವಾಗಿದ್ದರೆ ಚೈನಿಗೂ ಸಿಗುತ್ತದೆ. ಮೂರನೆಯದು, ಉಂಗುಟದ ಜೊತೆಗೆ ಪಾದದ ಮೇಲೆ ಅಗಲ ಪಟ್ಟಿ. ಭಾರ ಬೆರಳಿಗೆ ಬೀಳದೆ ಇಡೀ ಪಾದಕ್ಕೆ ಹಂಚಿಹೋಗಲಿ ಎಂದು. ಇದನ್ನು ಅಪ್ಪನೇ ಲೋಕದಲ್ಲಿ ಮೊದಲು ಮಾಡಿದರೆಂದು ನಾನು ಹೇಳುವುದಿಲ್ಲ. ಸೈಕಲ್ ಬಂದ ಎಲ್ಲ ಊರಿನ ಸಮಗಾರರ ಮುಂದೂ ಇದೇ ಸೀಳಿದ ಜೋಡು ಬಂದಿರಬೇಕು.

ಅಟ್ಟೆ ಜಾರುವುದಕ್ಕೆ ಮದ್ದು ಸಿಕ್ಕಿದ್ದು ಲಾರಿಯಿಂದ. ಪುಣೆ–ಬೆಂಗಳೂರು ರಸ್ತೆ ಶಿಗ್ಗಾಂವಿಯ ಮೇಲೆಯೇ ಹಾದುಹೋಗುತ್ತದೆ. ಶಿಗ್ಗಾಂವಿಯಲ್ಲೂ ಬಂಕಾಪುರ ಕ್ರಾಸಿನಲ್ಲೂ ಸವೆದ ಟಾಯರು ಕೊಳ್ಳಲು ಸಿಗುತ್ತಿದ್ದವು. ಟಾಯರನ್ನು ಬಿಚ್ಚುವುದು ಗಂಡಾಳಿನ ಕೆಲಸ. ಮೊದಲು ಎರಡೂ ಅಂಚಿನ ತಂತಿಯನ್ನು ಕೊಯ್ದು ತೆಗೆಯಬೇಕು; ಆಮೇಲೆ ಮಗ್ಗುಲಿನ ತೆಳು ಭಾಗ, ನೆಲಕ್ಕೆ ತಾಗುವ ದಪ್ಪ ಭಾಗ ಬೇರೆ ಮಾಡಬೇಕು. ಒಳಗಿನ ನೂಲಿನ ಪದರುಗಳನ್ನು ಇಕ್ಕಳದಿಂದ ಎಳೆದರೆ ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಯಾರಿಗೆ ಎಷ್ಟು ದಪ್ಪ ಬೇಕೋ ಅಷ್ಟು ಪದರು ಉಳಿಸಿಕೊಳ್ಳಬಹುದು. ರಬ್ಬರಿಗೆ ಒಣ ಕತ್ತಿ ಆಗದು, ಹಿಡಿದು ನಿಲ್ಲಿಸಿಬಿಡುತ್ತದೆ. ಪಕ್ಕದಲ್ಲಿ ಕೂತು ಕತ್ತಿಯ ಬಾಯಿಗೆ ನೀರು ಹನಿಸುವುದು ನನ್ನ ಕೆಲಸವಾಗಿತ್ತು. ನೀರು ಬಿದ್ದರೆ ಕತ್ತಿ ಸರಸರನೆ ಓಡುತ್ತಿತ್ತು.

ಟಾಯರಿನ ಸುತ್ತಳತೆಯ ಗುಂಟ ಕೊಯ್ದ ಅಟ್ಟೆಗೆ ಹುಟ್ಟಿನಿಂದಲೇ ಒಂದು ಬಾಗು ಇರುತ್ತದೆ. ಬೆರಳೂ ಹಿಮ್ಮಡವೂ ಕೊಂಚ ಎದ್ದಿರುತ್ತವೆ. ಅದರ ಕಚ್ಚುಗಳು ಕಬ್ಬಿಣದ ಸರಳನ್ನು ಹಿಡಿದುಕೊಳ್ಳುತ್ತಿದ್ದವು. ಪಟ್ಟಿಗೆ ಹಳೇ ಟ್ಯೂಬು. ಭಾರ ಹೆಚ್ಚು, ಬೇಸಿಗೆಯಲ್ಲಿ ಕಾಲು ಸುಡುತ್ತದೆ, ಬೆವರಿದರೆ ಪಾದ ಕಪ್ಪಾಗುತ್ತದೆ ಎನ್ನುವ ದೂರುಗಳಿದ್ದವು. ಆದರೆ ಜಾಲಿಮುಳ್ಳು ಒಳಗೆ ಬರುತ್ತಿರಲಿಲ್ಲ, ಮಳೆಗೆ ಕೊಳೆಯುತ್ತಿರಲಿಲ್ಲ, ಶಿಶುನಾಳದ ಜಾತ್ರೆಯಲ್ಲಿ ಗುಡಿಯ ಹೊರಗೆ ಬಿಟ್ಟು ಹೋದರೂ ಯಾರೂ ಕದಿಯುತ್ತಿರಲಿಲ್ಲ. ವಿಯೆಟ್ನಾಂ ಯುದ್ಧದಲ್ಲಿ ಹೋ ಚಿ ಮಿನ್ ಸೈನಿಕರ ಕಾಲಲ್ಲಿದ್ದದ್ದೂ ಟಾಯರಿನ ಚಪ್ಪಲಿಯೇ. ಅವರ ಸಾಮಾನು ಸೈಕಲ್ಲಿನ ಮೇಲೂ ಸಾಗುತ್ತಿತ್ತು. ಅದನ್ನು ಓದಿದಾಗ ನನಗೆ ನಮ್ಮ ಎರೆಹೊಲದ ದಾರಿ ನೆನಪಾಗಿತ್ತು. ಮಡ್‌ಗಾರ್ಡಿನೊಳಗೆ ಎರೆಮಣ್ಣು ಕಿಕ್ಕಿರಿದು ಗಾಲಿ ನಿಂತರೆ, ಜೋಡನ್ನು ಹ್ಯಾಂಡಲಿಗೆ ಸಿಕ್ಕಿಸಿ, ಸೈಕಲ್ಲನ್ನೇ ಹೆಗಲಿಗೇರಿಸಿಕೊಂಡು ನಡೆಯುತ್ತಿದ್ದೆವು. ಮುಂದೆ ಲಾರಿಗಳಿಗೆ ಉಕ್ಕಿನ ತಂತಿಬಲೆಯ ರೇಡಿಯಲ್ ಟಾಯರು ಬಂದವು. ರಂಪಿಗೆಗೆ ಅವು ಬಗ್ಗಲಿಲ್ಲ. ಟಾಯರಿನ ಜೋಡು ಸಂತೆಯಿಂದ ಮರೆಯಾಗಲು ಅದೂ ಒಂದು ಕಾರಣ.

ಇನ್ನೊಂದು ಕಾರಣ ಹವಾಯಿ ಚಪ್ಪಲಿ. 1930ರ ದಶಕದಲ್ಲೇ ಬಾಟಾ ಕಂಪನಿ ಕಲ್ಕತ್ತೆಯ ಹತ್ತಿರ ಬಾಟಾನಗರ ಕಟ್ಟಿ ಅಗ್ಗದ ಪಾದರಕ್ಷೆ ಮಾರಲು ತೊಡಗಿತ್ತು. ನಮ್ಮ ಹಳ್ಳಿಗಳನ್ನು ನಿಜವಾಗಿ ಗೆದ್ದದ್ದು ಬಿಳಿ ಅಟ್ಟೆ, ನೀಲಿ ಬಾರಿನ ಹವಾಯಿ ಮತ್ತು ಪ್ಲಾಸ್ಟಿಕ್ಕಿನ ಸ್ಯಾಂಡಕ್. ಅಗ್ಗ, ಹಗುರ, ತೊಳೆದರೆ ಹೊಸದು. ಸೈಕಲ್ಲಿಗೆ ಮಾತ್ರ ಹವಾಯಿ ಒಗ್ಗಲಿಲ್ಲ. ಪೆಡಲಿನ ಒತ್ತಿಗೆ ಮೆತ್ತನೆಯ ರಬ್ಬರು ತಗ್ಗುಬಿದ್ದು, ಬೆರಳ ಸಂದಿಯ ಗುಂಡಿ ಪುಸಕ್ಕನೆ ಕಿತ್ತುಬರುತ್ತಿತ್ತು. ಕೆಳಗಿನಿಂದ ಒಂದು ಸೇಫ್ಟಿ ಪಿನ್ನು ಚುಚ್ಚಿ ಮನೆ ಮುಟ್ಟಿದವರು ಎಷ್ಟೋ ಮಂದಿ. ಬಳ್ಳಾರಿ ಜಾಲಿಯ ಮುಳ್ಳಿಗಂತೂ ಟ್ಯೂಬೂ ಒಂದೇ, ಹವಾಯಿಯೂ ಒಂದೇ. ಪಂಕ್ಚರಾಯಿತೆಂದು ಇಳಿದವನ ಪಾದಕ್ಕೂ ಅದೇ ಮುಳ್ಳು. ಆದರೂ ಜನ ಅದನ್ನೇ ಕೊಂಡರು. ಆಯದ ಲೆಕ್ಕ ಮುರಿಯಿತು. ಕಣದಲ್ಲಿ ಕಾಳು ಅಳೆಯುವ ಕಾಲ ಹೋಗಿ, ಹರಿದದ್ದು ಹೊಲಿದುಕೊಟ್ಟು ಚಿಲ್ಲರೆ ಎಣಿಸುವ ಕಾಲ ಬಂತು. ರಾಜ್ಯ ಸರಕಾರ 1976ರಲ್ಲಿ ಚರ್ಮ ಕೈಗಾರಿಕೆಗೆಂದು ನಿಗಮ ಕಟ್ಟಿತು, ಈಗ ಎಲ್ಲರೂ ಲಿಡ್ಕರ್ ಎನ್ನುವುದು ಅದನ್ನೇ. ಅಷ್ಟರಲ್ಲಿ ನಮ್ಮ ಓಣಿಯ ಹುಡುಗರು ಬೇರೆ ಬೇರೆ ಕೆಲಸ ಹುಡುಕಿಕೊಂಡು ಹೊರಟಿದ್ದರು.

ಕಸುಬಿಗೆ ಕೇಡು ತಂದ ಇದೇ ಹವಾಯಿ ನಮ್ಮವರ ಕಾಲಿಗೆ ಒಳ್ಳೆಯದನ್ನೂ ಮಾಡಿತು ಎನ್ನುವುದನ್ನು ಹೇಳದಿದ್ದರೆ ಈ ಚರಿತ್ರೆ ಅರೆಬರೆಯಾಗುತ್ತದೆ. ಅಸ್ಪೃಶ್ಯತೆಯನ್ನು ಸಂವಿಧಾನ 1950ರಲ್ಲೇ ರದ್ದು ಮಾಡಿತ್ತು, 1955ರಲ್ಲಿ ಶಿಕ್ಷೆ ವಿಧಿಸುವ ಕಾಯ್ದೆಯೂ ಬಂತು. ಕಾಯ್ದೆ ಹಳ್ಳಿಯ ಅಗಸಿಯೊಳಗೆ ಬರಲು ಇನ್ನೂ ವರ್ಷಗಳು ಹಿಡಿದವು. ನಾನು ಬಾಡಿಗೆ ಸೈಕಲ್ ತೆಗೆದುಕೊಂಡು ಒಂದು ಹಳ್ಳಿಗೆ ಹೋಗಿದ್ದಾಗ, ಗೌಡರ ಕಟ್ಟೆ ಬಂದ ಕೂಡಲೇ ಇಳಿದು ತಳ್ಳಿಕೊಂಡು ಹೋಗಬೇಕೆಂದು ಜೊತೆಗಿದ್ದ ಕಾಕಾ ಕಣ್ಸನ್ನೆ ಮಾಡಿದರು. ಇಳಿದೆ. ಕಾಕಾ ತಮ್ಮ ಜೋಡನ್ನೂ ಕೈಗೆ ತೆಗೆದುಕೊಂಡರು. ಅದೇ ಕಟ್ಟೆಯ ಮೇಲೆ ಕೂತವರ ಕಾಲಲ್ಲಿದ್ದದ್ದು ಕಾಕಾ ಹೊಲಿದ ಜೋಡುಗಳೇ. ಎಲ್ಲರ ಕಾಲಲ್ಲೂ ಒಂದೇ ನೀಲಿ ಬಾರಿನ ಹವಾಯಿ ಬಂದ ಮೇಲೆ, ಯಾರು ಮೆಟ್ಟಬೇಕು ಯಾರು ಮೆಟ್ಟಬಾರದು ಎಂಬ ಮಾತು ನಿಧಾನಕ್ಕೆ ಸೋತಿತು. ಈ ಕಸುಬಿಗೆ ತಾವಾಗಿ ಕೈಹಾಕಿದ ದೊಡ್ಡವರೂ ಇದ್ದರು. ದಕ್ಷಿಣ ಆಫ್ರಿಕಾದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಚಪ್ಪಲಿ ಹೊಲಿದ ಗಾಂಧೀಜಿ 1914ರಲ್ಲಿ ಆ ದೇಶ ಬಿಡುವಾಗ ತಾವೇ ಮಾಡಿದ ಜೋಡನ್ನು ಜನರಲ್ ಸ್ಮಟ್ಸ್‌ಗೆ ಕೊಟ್ಟಿದ್ದರು. ನಾನು ಇದನ್ನು ಓದಿ ಹೇಳಿದಾಗ ಅಪ್ಪ ಕೇಳಿದ್ದು, "ಹೊಲಿಗಿ ಹೆಂಗಿತ್ತಂತ?"

ಮಾಸ್ತರಿಕೆಯ ಕೊನೆಯ ವರ್ಷಗಳಲ್ಲಿ ನಾನು ಕಂಡ ದೊಡ್ಡ ಬದಲಾವಣೆ ಹೆಣ್ಣುಮಕ್ಕಳ ಸೈಕಲ್. ರಾಜ್ಯ ಸರಕಾರ 2006–07ರಲ್ಲಿ ಎಂಟನೆಯ ತರಗತಿಯವರಿಗೆ ಸೈಕಲ್ ಕೊಡಲು ಶುರುಮಾಡಿತು. ಕೊರೊನಾ ಕಾಲದಲ್ಲಿ ಅದು ನಿಂತಿತು. ಹಳ್ಳಿಯಲ್ಲಿ ಏಳನೆಯದಕ್ಕೇ ಸಾಲೆ ಬಿಡುತ್ತಿದ್ದ ಹುಡುಗಿಯರು ಹೈಸ್ಕೂಲಿನ ಊರಿಗೆ ಸಾಲಾಗಿ ತುಳಿದುಕೊಂಡು ಬರುವುದನ್ನು ನೋಡಿದೆ. ಅವರ ಸೈಕಲ್ ನೋಡುವವರು ಇದ್ದರು, ಕಾಲು ನೋಡುವವರು ಇರಲಿಲ್ಲ. ಜಾತ್ರೆಯಲ್ಲಿ ಕೊಂಡ ಒಂದೇ ಎಳೆ ಪಟ್ಟಿಯ, ನುಣುಪು ಅಟ್ಟೆಯ ಚಪ್ಪಲಿ. ಹಿಂದೆ ಬೆಲ್ಟಿರುವುದನ್ನೇ ಕೊಡಿಸಿರೆಂದು ಪಾಲಕರ ಸಭೆಯಲ್ಲಿ ಹೇಳಿದರೆ, "ಮಾಸ್ತರ್ರು ಪಾಠ ಬಿಟ್ಟು ಜೋಡಿನ ಮಾತಾಡ್ತಾರ" ಎಂದು ನಕ್ಕವರುಂಟು. ಬೆಲ್ಟಿನದು ಹಾಕಿಕೊಂಡು ಬಂದ ಹುಡುಗಿಯರೂ ಉಂಟು.

ಈಗ ಅಂಗಡಿಯಲ್ಲಿ ನಿಂತವರ ಪ್ರಶ್ನೆಗೆ ಬರುತ್ತೇನೆ. ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯ ನದಿಯಲ್ಲಿ ದೋಣಿ ನಡೆಸುತ್ತಿದ್ದ ಒಬ್ಬಾತ 1984ರಲ್ಲಿ ಟೇವಾ ಸ್ಯಾಂಡಲ್ ಮಾಡಿದ; ನೀರಿನಲ್ಲಿ ಕಳಚಿಹೋಗದಂತೆ ಹಿಮ್ಮಡಕ್ಕೆ ಪಟ್ಟಿ ಹಾಕಿದ್ದೇ ಅದರ ಗುಟ್ಟು. ಕ್ರಾಕ್ಸ್ ಕಂಪನಿ ಹುಟ್ಟಿದ್ದು 2002ರಲ್ಲಿ. ನಮ್ಮ ಬಜಾರಿನಲ್ಲಿ ಇವೆರಡರ ನಕಲೂ ಬೇಕಾದಷ್ಟು ಸಿಗುತ್ತವೆ. ಕೊಳ್ಳುವಾಗ ಅಪ್ಪನ ಪರೀಕ್ಷೆಯನ್ನೇ ಮಾಡಿ. ಎರಡೂ ಕೈಯಲ್ಲಿ ಹಿಡಿದು ಮಡಚಿದರೆ ಬೆರಳಿನ ಬುಡದಲ್ಲಿ ಬಾಗಬೇಕು. ನಟ್ಟನಡುವೆ ಮಡಚಿಕೊಂಡರೆ ಕೆಳಗಿಡಿ. ಬೆರಳಿನ ಬುಡ ಬರುವ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ತಗ್ಗು ಬೀಳುವುದಾದರೆ ಪೆಡಲೂ ಅಷ್ಟೇ ತಗ್ಗು ಮಾಡುತ್ತದೆ. ಕಚ್ಚುಗಳು ಸಣ್ಣವಿರಲಿ, ಒತ್ತೊತ್ತಾಗಿರಲಿ. ಚಾರಣದ ಸ್ಯಾಂಡಲ್ಲಿನ ದೊಡ್ಡ ಗಡ್ಡೆಗಳು ಪೆಡಲಿನ ಮೇಲೆ ಕಾಲನ್ನು ಓರೆಯಾಗಿ ಕೂಡಿಸಿಬಿಡುತ್ತವೆ. ಬೆಲ್ಟಿನ ತುದಿ ಹೊರಮಗ್ಗುಲಿಗೆ ಮುಗಿಯಲಿ. ಬೆರಳು ಅಟ್ಟೆಯಿಂದಾಚೆ ಚಾಚದಿರಲಿ. ಗಾಡಿ ನಿಲ್ಲಿಸಿ ಕಾಲೂರುವಾಗ ಕಲ್ಲಿಗೆ ಮೊದಲು ತಾಗುವುದು ಅದೇ. ಸಂಜೆ ಹೊತ್ತು ಹಾಕಿ ನೋಡಿ, ದಿನವಿಡೀ ತಿರುಗಿದ ಪಾದ ಅಷ್ಟು ಹೊತ್ತಿಗೆ ಕೊಂಚ ಉಬ್ಬಿರುತ್ತದೆ.

ಕ್ರಾಕ್ಸ್ ಬೇಡವೆನ್ನುವುದಿಲ್ಲ. ಬೆರಳು ಮುಚ್ಚುತ್ತದೆ, ನೀರು ನಿಲ್ಲುವುದಿಲ್ಲ. ಹಾನಗಲ್ಲಿನ ಮಳೆಗೆ ಒಳ್ಳೆಯದೇ. ಆದರೆ ಅದರ ಹಿಂದಿನ ಪಟ್ಟಿಯನ್ನು ಮುಂದಕ್ಕೆ ಮಗುಚಿ ಚಂದಕ್ಕೆ ಬಿಟ್ಟುಕೊಳ್ಳದೆ ಹಿಮ್ಮಡಕ್ಕೆ ಇಳಿಸಬೇಕು. ಬಜಾರಿಗೆ, ತೋಟಕ್ಕೆ ಹೋಗಿಬರಲು ಸಾಕು. ಹಾನಗಲ್ಲಿನಿಂದ ಬಂಕಾಪುರದ ಕೋಟೆಗೋ, ಶಿಗ್ಗಾಂವಿಯಿಂದ ಕನಕದಾಸರ ಬಾಡಕ್ಕೋ ಹೊರಟರೆ ಆ ಮೆತ್ತನೆಯ ಅಟ್ಟೆಯೊಳಗಿಂದ ಪೆಡಲು ಕೈಯಲ್ಲಿ ಮುಟ್ಟಿದಷ್ಟು ಗೊತ್ತಾಗುತ್ತದೆ.

2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಜಿಐ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಸೇರಿದವು. ಆ ಪಟ್ಟಿಯಲ್ಲಿ ಹಾವೇರಿ ಇಲ್ಲ. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಷೋದಲ್ಲಿ ಅದೇ ಮಾದರಿಯ ಚಪ್ಪಲಿ ತೋರಿಸಿ ಗದ್ದಲವಾದಾಗ ಅಥಣಿ, ನಿಪ್ಪಾಣಿಯವರ ಹೆಸರು ಪೇಪರಿಗೆ ಬಂತು. ನಮ್ಮವರು ಮಾಡಿದ್ದು ಷೋದಲ್ಲಿ ಇಡುವ ಸರಕಲ್ಲ. ಸವೆಯಲೆಂದೇ ಮಾಡಿದ್ದು, ಸವೆದು ಹೋಯಿತು. ಉಳಿದಿರುವುದು ತಿಳಿವಳಿಕೆ, ಅದು ಇನ್ನೂ ನಾಲ್ಕೂ ಊರಿನ ಬಸ್‌ಸ್ಟ್ಯಾಂಡಿನ ಮಗ್ಗುಲಲ್ಲಿ ಛತ್ರಿಯ ಕೆಳಗೆ ಕೂತಿದೆ. ಇಂದಿನ ಸ್ಯಾಂಡಲ್ಲುಗಳ ಅಟ್ಟೆ ಬಹುಪಾಲು ಬರೀ ಅಂಟಿನ ಮೇಲೆ ನಿಂತದ್ದು. ಪೆಡಲಿನ ಒತ್ತು, ಮಳೆ, ಬಿಸಿಲು ಮೂರೂ ಸೇರಿದರೆ ಮೊದಲ ವರ್ಷವೇ ಬಾಯಿ ಬಿಡುತ್ತದೆ. ಕೊಂಡ ಜೋಡನ್ನು ಹಾಕಿಕೊಳ್ಳುವ ಮುಂಚೆ ಅಲ್ಲಿಗೆ ಒಯ್ದು ಸುತ್ತ ಹೊಲಿಗೆ ಹಾಕಿಸಿ. ಜೊತೆಗೆ ಹಳೆಯ ಜೋಡನ್ನೂ ಒಯ್ಯಿರಿ. ಅದರ ತಳ ನೋಡಿ ನೀವು ಯಾವ ಕಾಲನ್ನು ಹೆಚ್ಚು ಒತ್ತುತ್ತೀರಿ, ಪಾದ ಎತ್ತ ವಾಲುತ್ತದೆ, ಎಲ್ಲಿ ಎರಡು ಸಾಲು ಹೊಲಿಗೆ ಬೇಕು ಎಂದು ಅಲ್ಲಿ ಕೂತ ಸಮಗಾರರೇ ಹೇಳುತ್ತಾರೆ. ಕೇಳಿದ ದುಡ್ಡಿಗೆ ಚೌಕಾಶಿ ಮಾಡಬೇಡಿ.